ಬಿ. ಪಿ. ರಾಧಾಕೃಷ್ಣ ಅವರ ಶಿಲಾವಿದ್ಯೆ ಮತ್ತು ಜಲಚಿಂತನೆ



ದತ್ತಿ ಉಪನ್ಯಾಸವೆಂದೊಡನೆ ಕವಿಯೊಬ್ಬನ ಕಾವ್ಯವನ್ನೋ ಶರಣರೊಬ್ಬರ ಚರಿತ್ರೆಯನ್ನೋ ಕುರಿತ ಮಾತುಗಳನ್ನು ಕೇಳುವ ಅಪೇಕ್ಷೆ ನಮ್ಮ ಸಭಿಕರಲ್ಲಿ ಸಹಜವಾಗಿರುತ್ತದೆ. ಆದಿಕವಿ ಪಂಪನ ಹೆಸರಿನೊಡನೆ ಬೆಸೆದುಕೊಂಡ ಅಣ್ಣಿಗೇರಿ ನೆರೆಯಲ್ಲಿಯೇ ಇರುವ ಈ ಸೀಮೆಯಲ್ಲಂತೂ ಅದು ನ್ಯಾಯವಾದ ಅಪೇಕ್ಷೆಯೇ ಸರಿ. ಹೀಗಿದ್ದರೂ ನಾನು ಇಂದು ಭೂವಿಜ್ಞಾನಿಯೊಬ್ಬರ ವಿದ್ವಜ್ಜೀವನವನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ಬಾವಿ ತೋಡಿದರೆ ಸವುಳು ನೀರು, ಮಳೆ ಬಂದರೆ ಬೆಣ್ಣಿಹಳ್ಳದ ಪ್ರವಾಹ, ಬಾರದಿದ್ದರೆ ಬಾಯಿಬಿಟ್ಟ ಎರೆಹೊಲ—ಈ ಮೂರರ ನಡುವೆ ಬಾಳಿಕೊಂಡು ಬಂದಿರುವ ನವಲಗುಂದ ತಾಲೂಕಿನ ಜನರ ಮುಂದೆ ನೆಲ ಮತ್ತು ನೀರಿನ ಸಂಬಂಧವನ್ನು ಆಜೀವನ ಚಿಂತಿಸಿದ ಡಾ. ಬಿ. ಪಿ. ರಾಧಾಕೃಷ್ಣ ಅವರ ವಿಚಾರವನ್ನು ಎತ್ತುವುದು ಅಸಂಗತವಾಗಲಾರದೆಂದು ನಂಬಿದ್ದೇನೆ.

ಅವರ ತೊಂಬತ್ತಕ್ಕೂ ಮೀರಿದ ದೀರ್ಘಾಯುಷ್ಯದ ಸಮಗ್ರ ಚರಿತ್ರೆಯನ್ನು ಒಂದು ಸಂಜೆಯಲ್ಲಿ ಹೇಳುವುದು ಅಸಾಧ್ಯ. ಆದಕಾರಣ ಮೊದಲು ಅವರ ವಿದ್ಯಾಭ್ಯಾಸವನ್ನೂ ಶಿಲೆಗಳ ಸಂಶೋಧನೆಯನ್ನೂ ಪ್ರಸ್ತಾಪಿಸಿ, ಅಲ್ಲಿಂದ ಅವರು ಅಂತರ್ಜಲದ ಕಡೆಗೆ ತಿರುಗಿದ ಬಗೆಯನ್ನು ವಿವರಿಸಿ, ಆ ತಿಳಿವಿನ ಬೆಳಕಿನಲ್ಲಿ ನಮ್ಮ ಈ ಎರೆನಾಡಿನ ನೀರಿನ ಸ್ವಭಾವವನ್ನು ತುಸು ವಿಸ್ತಾರವಾಗಿ ಪರಿಶೀಲಿಸಿ, ಕೊನೆಗೆ ಸಂಪಾದಕರಾಗಿ ಅವರು ಮಾಡಿದ ಕಾರ್ಯವನ್ನು ನೆನೆಯುತ್ತೇನೆ. ಶಿಲೆಯನ್ನು ಅರಿಯದೆ ಅದರೊಳಗಿನ ನೀರನ್ನು ಅರಿಯಲಾಗದು, ಹಾಗೂ ಈ ಅರಿವು ಆಯಾ ನೆಲದ ಮೇಲೆ ನಡೆದಾಡಿಯೇ ದೊರೆಯತಕ್ಕದ್ದು ಎಂಬುದು ಅವರ ಬಾಳಿನಿಂದ ನಾನು ಗ್ರಹಿಸಿರುವ ಮುಖ್ಯ ವಿಚಾರ.

ರಾಧಾಕೃಷ್ಣ ಅವರು ಜನಿಸಿದ್ದು 1918ರ ಏಪ್ರಿಲ್ 30ರಂದು, ಬೆಂಗಳೂರಿನಲ್ಲಿ. ಅವರ ಹೆಸರಿನ ಮುಂದಿರುವ ಎರಡು ಅಕ್ಷರಗಳಲ್ಲಿ ಮೊದಲನೆಯದು ಊರನ್ನೂ ಎರಡನೆಯದು ತಂದೆಯವರಾದ ಪುಟ್ಟಯ್ಯನವರನ್ನೂ ಸೂಚಿಸುತ್ತವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೂವಿಜ್ಞಾನವನ್ನು ವ್ಯಾಸಂಗ ಮಾಡಿ 1937ರಲ್ಲಿ ಆನರ್ಸ್ ಪದವಿಯನ್ನು ಪಡೆದರು. ಅದೇ ವರ್ಷ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ಸೇರಿದರು. ಆ ಇಲಾಖೆ 1894ರಲ್ಲಿಯೇ ಹುಟ್ಟಿದ್ದು. ಕೋಲಾರದ ಚಿನ್ನ ಸಂಸ್ಥಾನದ ಬೊಕ್ಕಸವನ್ನು ತುಂಬುತ್ತಿದ್ದ ಕಾಲವದು, ಆದ್ದರಿಂದ ಅಲ್ಲಿಯ ಅಧಿಕಾರಿಗಳ ದೃಷ್ಟಿ ಬಹುಮಟ್ಟಿಗೆ ಲೋಹಗಳ ಮೇಲೆಯೇ ನೆಟ್ಟಿತ್ತು. ಹಾಗಿದ್ದೂ ಅಲ್ಲಿ ಕಾಲ್ನಡಿಗೆಯ ಸರ್ವೇಕ್ಷಣೆಯ ಒಂದು ಶ್ರೇಷ್ಠ ಸಂಪ್ರದಾಯ ಬೆಳೆದಿತ್ತು. ಹೆಗಲಿಗೆ ಚೀಲ, ಕೈಯಲ್ಲಿ ಸುತ್ತಿಗೆ, ಜೇಬಿನಲ್ಲಿ ದಿಕ್ಸೂಚಿ ಮತ್ತು ಭೂತಗನ್ನಡಿ. ಬಂಡೆ ಕಂಡಲ್ಲಿ ನಿಂತು, ಒಡೆದು, ನೋಡಿ, ನಕ್ಷೆಯಲ್ಲಿ ಗುರುತಿಸಿ ಮುಂದೆ ಸಾಗುವ ಈ ಕೆಲಸದಲ್ಲಿ ಪಳಗಿದವನಿಗೆ ನೆಲದ ಪರಿಚಯ ಪಾದಗಳಿಂದಲೇ ಆಗುತ್ತದೆ. ರಾಧಾಕೃಷ್ಣ ಅವರಿಗೆ ದೊರೆತದ್ದು ಇಂಥ ಶಿಕ್ಷಣ.

ಇಲ್ಲಿ ತಮ್ಮೆಲ್ಲರಿಗೂ ಹೆಮ್ಮೆ ತರುವ ಒಂದು ಸಂಗತಿಯನ್ನು ಹೇಳಬೇಕು. ಭೂವಿಜ್ಞಾನವನ್ನು ಕಲಿಯುವ ಯಾವ ದೇಶದ ವಿದ್ಯಾರ್ಥಿಯೇ ಆಗಲಿ, ದಕ್ಷಿಣ ಭಾರತದ ಪುರಾತನ ಶಿಲೆಗಳ ಅಧ್ಯಾಯಕ್ಕೆ ಬಂದಾಗ ಧಾರವಾಡ ಎಂಬ ಹೆಸರನ್ನು ಉಚ್ಚರಿಸದೆ ಮುಂದುವರಿಯಲಾರ. ರಾಬರ್ಟ್ ಬ್ರೂಸ್ ಫೂಟ್ ಎಂಬ ಆಂಗ್ಲ ವಿದ್ವಾಂಸರು ನಮ್ಮ ಈ ಪ್ರಾಂತವನ್ನು ಸುತ್ತಿ, ಇದರ ಭೂರಚನೆಯನ್ನು ಕುರಿತ ಬೃಹದ್ಗ್ರಂಥವನ್ನು 1876ರಲ್ಲಿ ಪ್ರಕಟಿಸಿದರು; ಮುಂದಿನ ದಶಕದಲ್ಲಿ, ಚಿನ್ನವನ್ನೂ ಕಬ್ಬಿಣವನ್ನೂ ಒಡಲಲ್ಲಿಟ್ಟುಕೊಂಡ ಪದರಗಲ್ಲುಗಳ ಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟರು. ಎರಡೂವರೆ ಶತಕೋಟಿ ವರ್ಷಗಳಿಗೂ ಹಿಂದಿನ ಈ ಶಿಲಾಸ್ತೋಮದ ಹೆಸರು ಅಂದಿನಿಂದ ಜಗತ್ತಿನ ಶಾಸ್ತ್ರಗ್ರಂಥಗಳಲ್ಲಿ ನೆಲೆನಿಂತಿತು. ಮೈಸೂರು ಸಂಸ್ಥಾನದ ಭೂವಿಜ್ಞಾನಿಗಳು ಧಾರವಾಡ ಶಿಲೆಗಳನ್ನು ಕುರಿತು ಅರ್ಧ ಶತಮಾನ ಕಾಲ ಬರೆಯುತ್ತಿದ್ದಾಗ ಧಾರವಾಡವೇ ಅವರ ಸೀಮೆಯೊಳಗೆ ಇರಲಿಲ್ಲ, ಮುಂಬಯಿ ಪ್ರಾಂತದಲ್ಲಿತ್ತು. 1956ರ ಏಕೀಕರಣದಿಂದ ಈ ಜಿಲ್ಲೆಯೂ ಆ ಇಲಾಖೆಯ ವ್ಯಾಪ್ತಿಗೆ ಸೇರಿತು. ಕನ್ನಡಿಗರ ಒಂದುಗೂಡುವಿಕೆಯ ಚರಿತ್ರೆಯನ್ನು ಬರೆಯುವವರು ಈ ಅಂಶವನ್ನು ಅಷ್ಟಾಗಿ ಗಮನಿಸಿಲ್ಲ, ಗಮನಿಸಬೇಕಾದದ್ದು.

ರಾಧಾಕೃಷ್ಣ ಅವರ ಸಂಶೋಧನೆಗೆ ವಿಷಯವಾದದ್ದು ಕ್ಲೋಸ್‌ಪೇಟೆ ಗ್ರಾನೈಟು. ಇಂದಿನ ರಾಮನಗರಕ್ಕೆ ಆಂಗ್ಲರ ಕಾಲದಲ್ಲಿ ಸರ್ ಬ್ಯಾರಿ ಕ್ಲೋಸ್ ಎಂಬ ರೆಸಿಡೆಂಟರ ನೆನಪಿಗಾಗಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅಲ್ಲಿಯ ಬೆಟ್ಟಗಳು, ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ—ಹೀಗೆ ಬಳ್ಳಾರಿಯ ಕಡೆಗೆ ದಕ್ಷಿಣೋತ್ತರವಾಗಿ ನೂರಾರು ಮೈಲಿ ಸಾಗುವ, ಅಗಲದಲ್ಲಿ ಕಿರಿದಾದ ಈ ಗ್ರಾನೈಟಿನ ಪಟ್ಟಿ ರಾಜ್ಯದ ಬೆನ್ನೆಲುಬೆಂಬಂತೆ ನಿಂತಿದೆ. ರಾಮನಗರದ ಬಂಡೆಯೊಂದರ ಹೊಸದಾಗಿ ಒಡೆದ ಮುಖವನ್ನು ಹತ್ತಿರದಿಂದ ನೋಡಿದರೆ ಹೆಬ್ಬೆರಳಿನಷ್ಟು ಉದ್ದದ ನಸುಗೆಂಪು ಹರಳುಗಳೂ, ಅವುಗಳ ಸಂದಿಯಲ್ಲಿ ಗಾಜಿನಂಥ ಬೂದುಬಣ್ಣದ ಬೆಣಚುಕಲ್ಲಿನ ಕಣಗಳೂ, ಅಲ್ಲಲ್ಲಿ ಮಿರುಗುವ ಕರಿಯ ಅಭ್ರಕದ ಚೂರುಗಳೂ ಕಾಣುತ್ತವೆ. ಇಂಥ ಶಿಲೆ ಕರಗಿದ ದ್ರವವು ತಣಿದು ಗಟ್ಟಿಯಾದದ್ದೋ, ಅಥವಾ ಮೊದಲಿದ್ದ ಬೇರೆ ಕಲ್ಲು ಭೂಗರ್ಭದ ತಾಪದಲ್ಲಿ ಸ್ವಸ್ಥಾನದಲ್ಲಿಯೇ ಮಾರ್ಪಟ್ಟು ಗ್ರಾನೈಟಾದದ್ದೋ ಎಂಬ ವಿವಾದ ಆ ಕಾಲದ ಭೂವಿಜ್ಞಾನಿಗಳ ನಡುವೆ ಪ್ರಪಂಚದಾದ್ಯಂತ ನಡೆದಿತ್ತು. ಅಂಥ ಸಮಯದಲ್ಲಿ ಈ ಪಟ್ಟಿಯನ್ನು ಅಭ್ಯಾಸಮಾಡಿ ಅವರು ಬರೆದ ಪ್ರೌಢಪ್ರಬಂಧಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪದವಿ 1954ರಲ್ಲಿ ಲಭಿಸಿತು. 1956ರಲ್ಲಿ ಅದು ಗ್ರಂಥರೂಪದಲ್ಲಿ ಹೊರಬಂದಿತು. ಕಚೇರಿಯ ಉದ್ಯೋಗದಲ್ಲಿದ್ದುಕೊಂಡೇ, ಸೇರಿದ ಹದಿನೇಳು ವರ್ಷಗಳ ಬಳಿಕ ಪಡೆದ ಪದವಿ ಇದೆಂಬುದನ್ನು ಇಲ್ಲಿರುವ ತರುಣರು ಗಮನಿಸಬೇಕು.

ಇನ್ನು ಎರಡನೆಯ ವಿಚಾರಕ್ಕೆ ಬರುತ್ತೇನೆ. ರಾಧಾಕೃಷ್ಣ ಅವರು 1965ರಲ್ಲಿ ಇಲಾಖೆಯ ನಿರ್ದೇಶಕರಾಗಿ 1974ರವರೆಗೆ ಆ ಸ್ಥಾನದಲ್ಲಿದ್ದರು. ಮೈಸೂರು ಮಿನರಲ್ಸ್ ಎಂಬ ಸರಕಾರೀ ಸಂಸ್ಥೆ ಸ್ಥಾಪಿತವಾದದ್ದು ಆ ಅವಧಿಯಲ್ಲಿ, 1966ರಲ್ಲಿ. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮಹತ್ತರವಾದದ್ದು, ಖನಿಜಗಳಿಗಾಗಿ ಹುಟ್ಟಿದ ಇಲಾಖೆಯೊಂದರಲ್ಲಿ ಅಂತರ್ಜಲದ ಶೋಧನೆಗೆ ಅವರು ದೊರಕಿಸಿಕೊಟ್ಟ ಸ್ಥಾನ. ದೇಶದ ಅನೇಕ ಭಾಗಗಳನ್ನು ಬರಗಾಲ ಕಾಡಿದ ವರ್ಷಗಳವು. ಗಟ್ಟಿಗಲ್ಲನ್ನು ವೇಗವಾಗಿ ಕೊರೆಯುವ ಯಂತ್ರಗಳು ಭಾರತಕ್ಕೆ ಬಂದದ್ದೂ ಅರವತ್ತರ ದಶಕದ ಉತ್ತರಾರ್ಧದಲ್ಲಿಯೇ. ಎಲ್ಲಿ ಕೊರೆಯಬೇಕು, ಎಷ್ಟು ಆಳಕ್ಕೆ ಹೋಗಬೇಕು, ದೊರೆತ ನೀರು ಎಷ್ಟು ಕಾಲ ಬಾಳುವುದು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಶಿಲೆಯನ್ನು ಬಲ್ಲವರೇ ಆಗಿದ್ದರು.

ಭೂಮಿಯೊಳಗಿನ ನೀರನ್ನು ಕುರಿತು ನಮ್ಮಲ್ಲಿ ಬಹುಜನರಿಗೆ ಇರುವ ಕಲ್ಪನೆಯೇ ಬೇರೆ. ಹಿಂದಿನ ಕಾಲದಲ್ಲಿ ಜೋಳವನ್ನು ತುಂಬಿ ಬಾಯಿ ಮುಚ್ಚಿಡುತ್ತಿದ್ದ ಹಗೇವಿನಂತೆ ನೆಲದಡಿ ಎಲ್ಲಿಯೋ ನೀರಿನ ಭಾಂಡಾರವಿದೆ, ಅದನ್ನು ಮುಟ್ಟುವವರೆಗೆ ಕೊರೆದರಾಯಿತು ಎಂದು ಭಾವಿಸುತ್ತೇವೆ. ಕರ್ನಾಟಕದ ಬಹುಭಾಗವನ್ನು ಆವರಿಸಿರುವ ಗ್ರಾನೈಟು, ನೈಸ್ ಮೊದಲಾದ ಗಟ್ಟಿಶಿಲೆಗಳಲ್ಲಿ ಅಂಥದೇನೂ ಇಲ್ಲ. ಗಂಗಾನದಿಯ ಬಯಲಿನಲ್ಲಿ ಮರಳು ಜೇಡಿಗಳ ಪದರಗಳು ಬಹಳ ಆಳದವರೆಗೆ ಹಬ್ಬಿ, ಕಣಕಣದ ನಡುವೆಯೂ ನೀರನ್ನು ಹಿಡಿದಿರುವುದುಂಟು. ನಮ್ಮ ಶಿಲೆಯ ಕಣಗಳ ನಡುವೆ ತೆರಪೇ ಇಲ್ಲ. ಇಲ್ಲಿ ನೀರಿಗೆ ಎರಡೇ ಆಶ್ರಯ: ಬಿಸಿಲು ಮಳೆಗಳಿಂದ ಶಿಲೆಯ ಮೇಲ್ಭಾಗವು ಶಿಥಿಲವಾಗಿ ಉಂಟಾದ ಗರಸಿನ ಪದರವೊಂದು, ಅದರ ಕೆಳಗಿನ ಬಂಡೆಯಲ್ಲಿರುವ ಬಿರುಕು ಸೀಳುಗಳು ಮತ್ತೊಂದು. ಮೊದಲನೆಯದರ ದಪ್ಪ ಸಾಮಾನ್ಯವಾಗಿ ಕೆಲವು ಮಾರುಗಳಷ್ಟೇ. ಎರಡನೆಯವು ಆಳಕ್ಕೆ ಇಳಿದಂತೆಲ್ಲ ವಿರಳವಾಗುತ್ತ, ಸಂಕುಚಿತವಾಗುತ್ತ ಹೋಗುತ್ತವೆ. ಹಿಂದಿನವರ ತೆರೆದ ಬಾವಿ ಗರಸಿನ ನೀರನ್ನು ಬಳಸುತ್ತಿತ್ತು. ಪ್ರತಿವರ್ಷದ ಮಳೆಯಿಂದ ಅದು ಮತ್ತೆ ತುಂಬುತ್ತಿತ್ತು. ಕೊಳವೆಬಾವಿ ಬಿರುಕಿನ ನೀರನ್ನು ಎಳೆಯುತ್ತದೆ. ಆ ಬಿರುಕಿಗೆ ನೀರು ಇಳಿಯುವುದು ಬಹುಮಟ್ಟಿಗೆ ಮೇಲಿನ ಗರಸಿನಿಂದಲೇ. ಗರಸು ಒಣಗಿದ ಮೇಲೆ ಸಾವಿರ ಅಡಿ ಕೊರೆದರೂ ಪ್ರಯೋಜನವು ಅತ್ಯಲ್ಪ.

ಇಷ್ಟನ್ನು ಕೇಳಿದ ಮೇಲೆ, ಗ್ರಾನೈಟಿನ ಪಂಡಿತರು ನೀರಿನ ವಿಚಾರಕ್ಕೆ ಬಂದದ್ದು ಹಾದಿ ಬದಲಿಸಿದಂತಲ್ಲವೆಂಬುದು ತಮಗೆ ಮನದಟ್ಟಾದೀತು. ಕಲ್ಲುಗಣಿಯ ಕೆಲಸಗಾರ ಬೆಣೆಯನ್ನಿಡುವುದಕ್ಕೆ ಮುನ್ನ ಬಂಡೆಯ ಸೀಳು ಎತ್ತ ಓಡುತ್ತದೆಯೆಂದು ಕೈಯಾಡಿಸಿ ನೋಡುತ್ತಾನೆ. ಭೂವಿಜ್ಞಾನಿ ಅದೇ ಸೀಳಿನ ದಿಕ್ಕನ್ನು ಅಳೆದು ನಕ್ಷೆಯಲ್ಲಿ ಬರೆಯುತ್ತಾನೆ. ಮಳೆಯ ನೀರು ಹಿಡಿಯುವ ದಾರಿಯೂ ಅದೇ. ಬಂಡೆಗಳ ನಡುವೆ ಕಳೆದ ದಶಕಗಳೇ ಅವರನ್ನು ಜಲಚಿಂತನೆಗೆ ಅಣಿಗೊಳಿಸಿದುವೆಂದು ನನ್ನ ಅಭಿಪ್ರಾಯ.

ಈಗ ತಮ್ಮ ಅಪ್ಪಣೆಯಿಂದ ಈ ಊರಿನ ನೆಲಕ್ಕೇ ಬರೋಣ. ಧಾರವಾಡ ಜಿಲ್ಲೆಯ ಪಶ್ಚಿಮದಲ್ಲಿ ಕಲಘಟಗಿಯ ಕಡೆ ಮಸಾರಿ ಭೂಮಿ, ಕಾಡು, ಭತ್ತದ ಗದ್ದೆ. ಪೂರ್ವಕ್ಕೆ ಹುಬ್ಬಳ್ಳಿಯನ್ನು ದಾಟಿದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಯ ಬಯಲು. ಈ ಬಯಲಿನಲ್ಲಿ ಬಾವಿಯೊಂದನ್ನು ತೋಡಿದರೆ ಮೊದಲು ಆಳೆತ್ತರವೋ ಅದಕ್ಕೂ ಹೆಚ್ಚೋ ಕರಿಯ ಎರೆ, ಕೆಳಗಿಳಿದಂತೆ ಅದರಲ್ಲಿ ಬಿಳಿಯ ಸುಣ್ಣದ ಹರಳುಗಳು, ಆಮೇಲೆ ಗರಸು, ಅದರಡಿ ಕಲ್ಲು. ಎರೆಮಣ್ಣಿನ ಗುಣವೆಲ್ಲ ಅದರಲ್ಲಿರುವ ಅತಿಸೂಕ್ಷ್ಮ ಜೇಡಿಯಲ್ಲಿದೆ. ನೀರು ತಗುಲಿದೊಡನೆ ಆ ಜೇಡಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಹೊಲ ಬಾಯಿಬಿಡುವುದು ಇದರಿಂದಲೇ. ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಗಟಗಟನೆ ಇಳಿದುಹೋಗುತ್ತದೆ. ಎರಡು ಮೂರು ಹದವಾದ ಮಳೆ ಬಿದ್ದು ಮಣ್ಣು ಉಬ್ಬಿತೆಂದರೆ ಬಿರುಕುಗಳು ಮುಚ್ಚಿ, ಆ ಬಳಿಕ ಬೀಳುವ ನೀರು ಒಳಗಿಳಿಯಲು ದಾರಿಯಿಲ್ಲದೆ ಇಳಿಜಾರು ಹಿಡಿದು ಹೊರಡುತ್ತದೆ. ಬೆಣ್ಣಿಹಳ್ಳ ವರ್ಷದ ಬಹುಕಾಲ ಸೊರಗಿದ್ದು, ದೊಡ್ಡ ಮಳೆಯಾದ ರಾತ್ರಿ ದಂಡೆಯ ಹೊಲಗಳನ್ನೆಲ್ಲ ನುಂಗುವುದಕ್ಕೆ ಈ ಮಣ್ಣಿನ ಸ್ವಭಾವವೂ ಒಂದು ಪ್ರಬಲ ಕಾರಣ.

ಸವುಳು ನೀರಿಗೂ ಇದೇ ಮೂಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಐದಾರು ನೂರು ಮಿಲಿಮೀಟರಿನ ಆಸುಪಾಸಿನದು. ನಮ್ಮ ಬಿಸಿಲು ಗಾಳಿಗಳು ಹೀರಬಲ್ಲ ನೀರಿನ ಪ್ರಮಾಣ ಅದರ ಎರಡು ಮೂರು ಪಟ್ಟು. ಶಿಲೆ ಸವೆದು ಮಣ್ಣಾಗುವಾಗ ಬಿಡುಗಡೆಯಾದ ಲವಣಗಳು ಮಲೆನಾಡಿನಲ್ಲಿಯಾದರೆ ಮಳೆಯಲ್ಲಿ ತೊಳೆದು ಹೊಳೆಯ ಪಾಲಾಗುತ್ತವೆ. ಇಲ್ಲಿ ನೀರು ಆವಿಯಾಗಿ ಮೇಲಕ್ಕೆ ಹೋಗುತ್ತದೆ, ಲವಣ ಹಿಂದುಳಿಯುತ್ತದೆ. ಬಿಗಿಯಾದ ಜೇಡಿಯ ಮೂಲಕ ಕೆಳಗಿಳಿಯುವ ಅಲ್ಪಸ್ವಲ್ಪ ನೀರು ಆ ಲವಣವನ್ನು ಕರಗಿಸಿಕೊಂಡೇ ಇಳಿಯುತ್ತದೆ, ತಂಗಿದಲ್ಲಿಯೇ ಬಹುಕಾಲ ತಂಗುತ್ತದೆ. ಅದಕ್ಕಾಗಿಯೇ ಇಲ್ಲಿಯ ಬಾವಿಗಳ ನೀರಿನಲ್ಲಿ ಬೇಳೆ ಬೇಯದು, ಸಾಬೂನು ನೊರೆಗಟ್ಟದು.

ಆದರೆ ಬಾವಿಗೆ ನೀರನ್ನು ಕೊಡಲೊಲ್ಲದ ಈ ಜೇಡಿಯೇ ಕೆರೆಯ ನೀರನ್ನು ಸೋರಗೊಡದೆ ಕಾಯುತ್ತದೆ. ನಮ್ಮ ಪೂರ್ವಜರು ಈ ಮರ್ಮವನ್ನು ಅರಿತು, ಕುಡಿಯುವ ನೀರಿಗೆ ಬಾವಿಯನ್ನು ನಂಬದೆ ಕೆರೆಗಳನ್ನು ಕಟ್ಟಿದರು. ನವಲಗುಂದದ ನೀಲಮ್ಮನ ಕೆರೆಯನ್ನು ತಾವೆಲ್ಲರೂ ಕಂಡವರೇ. ದನಕರುಗಳನ್ನು ಬಿಡದೆ, ಬಟ್ಟೆ ಒಗೆಯಗೊಡದೆ, ಕಾಲು ತೊಳೆದು ಮೆಟ್ಟಿಲಿಳಿದು ಕೊಡ ತುಂಬಿಕೊಳ್ಳುವ ಕಟ್ಟುಪಾಡು ಎರೆನಾಡಿನ ಹಳ್ಳಿಹಳ್ಳಿಯಲ್ಲಿ ಇದ್ದಿತು. ಇದನ್ನು ಭಕ್ತಿಯೆಂದು ಮಾತ್ರ ತಿಳಿಯುವುದು ಪೂರ್ವಜರ ಬುದ್ಧಿಗೆ ನಾವು ಬಗೆಯುವ ಅನ್ಯಾಯ. ಸಿಹಿನೀರಿಗೆ ಬೇರೆ ಆಸರೆಯಿಲ್ಲದ ನೆಲದಲ್ಲಿ, ಆ ನೆಲದ ಗುಣವನ್ನೇ ಉಪಾಯವಾಗಿ ಬಳಸಿಕೊಂಡ ಅನುಭವಜನ್ಯ ಭೂವಿಜ್ಞಾನ ಅದು.

ಎಪ್ಪತ್ತರ ದಶಕದಲ್ಲಿ ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಈ ಕಡೆಗೆ ಹರಿದು ಬಂದಿತು. ಕೆರೆಗಳನ್ನು ತುಂಬಿತು, ಬೆಳೆಯನ್ನು ಹೆಚ್ಚಿಸಿತು. ಹರಿಸಿದ ನೀರು ಬಸಿದುಹೋಗದ ಕಡೆಗಳಲ್ಲಿ, ಅಡಗಿದ್ದ ಲವಣ ಮೇಲೆ ಬಂದು ಹೊಲ ಜವಳಾದದ್ದೂ ಉಂಟು. ಕಾಲುವೆಯನ್ನು ಯೋಜಿಸಿದವರಿಗೆ ನೀರಿನ ಲೆಕ್ಕ ಗೊತ್ತಿತ್ತು; ಎರೆಯ ಲೆಕ್ಕ ಅಷ್ಟಾಗಿ ಗೊತ್ತಿದ್ದಂತೆ ಕಾಣುವುದಿಲ್ಲ. ನೀರು ಸರಿಯಾಗಿ ತಲುಪದ ಹೊಲಕ್ಕೂ ಕರ ಬಂದಾಗ 1980ರಲ್ಲಿ ನವಲಗುಂದ ನರಗುಂದಗಳಲ್ಲಿ ನಡೆದ ರೈತ ಬಂಡಾಯವನ್ನು ಈ ಸಭೆಯಲ್ಲಿ ನಾನು ವರ್ಣಿಸಬೇಕಾದ್ದಿಲ್ಲ.

ಸೇವೆಯಿಂದ ನಿವೃತ್ತರಾದ ಬಹುವರ್ಷಗಳ ಬಳಿಕ ರಾಧಾಕೃಷ್ಣ ಅವರು ನೀರಿನ ವಿಚಾರವನ್ನು ಇನ್ನಷ್ಟು ಉತ್ಕಟತೆಯಿಂದ ಕೈಗೆತ್ತಿಕೊಂಡರು. ದೇಶದ ಮಹಾನದಿಗಳನ್ನು ಜೋಡಿಸುವ ಯೋಜನೆ ವರವೋ ಶಾಪವೋ ಎಂಬ ಪ್ರಶ್ನೆಯನ್ನೆತ್ತಿ 2003ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಮಾನವಕೃತವಾದ ಬರಗಾಲವನ್ನೂ ಸಮೀಪಿಸುತ್ತಿರುವ ಜಲಸಂಕಟವನ್ನೂ ಕುರಿತು ಮರುವರ್ಷ ಅದೇ ಪತ್ರಿಕೆಯಲ್ಲಿ ಇನ್ನೊಂದು ಲೇಖನವನ್ನು ಪ್ರಕಟಿಸಿದರು. ಆಗ ಅವರ ವಯಸ್ಸು ಎಂಬತ್ತಾರು. ಬರಗಾಲಕ್ಕೆ ಆಕಾಶವನ್ನು ದೂರುವ ನಮ್ಮ ಅಭ್ಯಾಸವನ್ನು ಆ ಶೀರ್ಷಿಕೆಯೇ ತಿದ್ದುವಂತಿದೆ.

ಮಹದಾಯಿ ನೀರಿನ ಕಳಸಾ-ಬಂಡೂರಿ ಯೋಜನೆಗಾಗಿ ಬೀದಿಗಿಳಿದ ಜನರ ನಡುವೆ ನಿಂತು ಈ ಮಾತನ್ನಾಡುವಾಗ ಎಚ್ಚರಿಕೆ ಬೇಕೆಂಬುದನ್ನು ಬಲ್ಲೆ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕೊಟ್ಟ ತೀರ್ಪು, ಅದರ ಅನುಷ್ಠಾನ, ಇವು ನಮ್ಮ ನ್ಯಾಯವಾದ ಹಕ್ಕಿನ ಪ್ರಶ್ನೆಗಳು. ಅವನ್ನು ಬಿಟ್ಟುಕೊಡಿರೆಂದು ನಾನು ಹೇಳಲಾರೆ. ಇದರೊಡನೆ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳೋಣ. ಒಂದು ಎಕರೆ ಹೊಲದ ಮೇಲೆ ಒಂದು ಮಿಲಿಮೀಟರು ಮಳೆಯಾದರೆ ಬಿದ್ದ ನೀರು ನಾಲ್ಕು ಸಾವಿರ ಲೀಟರಿಗೂ ಮಿಗಿಲು. ವರ್ಷಕ್ಕೆ ಐದು ನೂರು ಮಿಲಿಮೀಟರು ಎಂದರೆ ಎಕರೆಗೆ ಇಪ್ಪತ್ತು ಲಕ್ಷ ಲೀಟರು. ಈ ನೀರಿಗೆ ಯಾವ ನ್ಯಾಯಮಂಡಳಿಯ ಅಪ್ಪಣೆಯೂ ಬೇಡ. ಹೊಲದ ಒಡ್ಡನ್ನು ದುರಸ್ತಿಯಲ್ಲಿಟ್ಟು, ಇಳಿಜಾರಿನ ಕೊನೆಗೆ ಕೃಷಿಹೊಂಡವನ್ನು ತೋಡಿದ ರೈತ ಹಿಂಗಾರಿಯ ಕಡಲೆಗೋ ಜೋಳಕ್ಕೋ ಸಮಯಕ್ಕೆ ಒಂದು ನೀರನ್ನು ಕೊಡಬಲ್ಲ. ಎರೆಯ ಜೇಡಿ ಹೊಂಡದ ತಳವನ್ನು ತಾನೇ ಬಿಗಿಮಾಡುತ್ತದೆ. ಈ ಸೀಮೆಯಲ್ಲಿ ಹೊಂಡಗಳನ್ನು ತೋಡಿಸಿದವರು ಇಲ್ಲಿಯೇ ಕುಳಿತಿದ್ದಾರೆ. ಅವರ ಅನುಭವ ನನ್ನ ಮಾತಿಗಿಂತ ಹೆಚ್ಚಿನ ಪ್ರಮಾಣ.

ಕೊನೆಯದಾಗಿ ಅವರ ಸಂಪಾದಕತ್ವದ ವಿಚಾರ. ಭಾರತೀಯ ಭೂವಿಜ್ಞಾನ ಸಂಘ 1958ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಗೊಂಡಿತು. ಹಿಮಾಲಯದ ಶಿಲೆಗಳ ಮಹಾಪಂಡಿತರಾದ ಡಿ. ಎನ್. ವಾಡಿಯಾ ಅದರ ಪ್ರಥಮ ಅಧ್ಯಕ್ಷರು. ಮರುವರ್ಷವೇ ಸಂಘದ ಪತ್ರಿಕೆ ಆರಂಭವಾಯಿತು. ರಾಧಾಕೃಷ್ಣ ಅವರು ಸಂಸ್ಥಾಪಕರಲ್ಲಿ ಒಬ್ಬರು, ಮುಂದೆ ಅದರ ಸಂಪಾದಕರೂ ಅಧ್ಯಕ್ಷರೂ ಆದರು. ನಿವೃತ್ತಿಯ ತರುವಾಯದ ಬಾಳನ್ನು ಅವರು ಸಂಘಕ್ಕೇ ಧಾರೆಯೆರೆದರೆಂದರೆ ಅತಿಶಯೋಕ್ತಿಯಾಗದು. ಸಂಶೋಧಕನಿಗೆ ಕೀರ್ತಿ ಬರುತ್ತದೆ. ಇತರರ ಲೇಖನಗಳನ್ನು ಓದಿ, ಪ್ರಶ್ನಿಸಿ, ಭಾಷೆಯನ್ನು ತಿದ್ದಿ, ನಕ್ಷೆಯ ಗೆರೆಯನ್ನು ಸರಿಪಡಿಸಿ, ಕರಡಚ್ಚನ್ನು ನೋಡಿ ಹೊರತರುವ ಸಂಪಾದಕನ ಶ್ರಮ ಓದುಗರ ಕಣ್ಣಿಗೆ ಬೀಳುವುದಿಲ್ಲ. ಹೊರದೇಶದ ಪತ್ರಿಕೆಯ ಮನ್ನಣೆಗಾಗಿ ಕಾಯುತ್ತಿದ್ದ ನಮ್ಮ ವಿದ್ವಾಂಸರಿಗೆ ಸ್ವದೇಶದಲ್ಲಿಯೇ ಗೌರವದ ವೇದಿಕೆಯೊಂದು ಲಭಿಸಿದ್ದು ಇಂಥ ಶ್ರಮದಿಂದ. ವೈದ್ಯನಾಥನ್ ಅವರೊಡನೆ ಅವರು ರಚಿಸಿದ ಕರ್ನಾಟಕದ ಭೂವಿಜ್ಞಾನವನ್ನು ಕುರಿತ ಗ್ರಂಥ, ಮೆರ್ಹ್ ಅವರೊಡನೆ ಸಂಪಾದಿಸಿದ ವೇದಕಾಲದ ಸರಸ್ವತೀ ನದಿಯನ್ನು ಕುರಿತ ಸಂಪುಟ, ಇವೆಲ್ಲ ಎಪ್ಪತ್ತೈದು ದಾಟಿದ ಮೇಲಿನ ಫಲಗಳು. 1991ರಲ್ಲಿ ಪದ್ಮಶ್ರೀ ಗೌರವ ಅವರಿಗೆ ಸಂದಿತು. ಇಂಗ್ಲಿಷಿನಲ್ಲಿ ಇಷ್ಟೆಲ್ಲ ದುಡಿದ ಅವರು ಕನ್ನಡವನ್ನು ಮರೆಯಲಿಲ್ಲ. ತಮ್ಮ ತಂದೆಯವರ ಜೀವನವನ್ನೂ ಡಾರ್ವಿನ್ನನ ಜೀವನವನ್ನೂ ಕನ್ನಡದಲ್ಲಿ ಬರೆದರು. 2012ರ ಜನವರಿ 26ರಂದು ಅವರು ದಿವಂಗತರಾದರು.

ಅವರ ಹೆಸರಿನಲ್ಲಿ ನಾವು ಸೇರಿರುವ ಈ ಶಾಲೆಯಲ್ಲಿ ಒಂದು ಕಾರ್ಯ ನಡೆಯಲೆಂದು ನನ್ನ ಬಿನ್ನಹ. ಮಳೆಮಾಪಕವೊಂದನ್ನು ಅಂಗಳದ ತೆರೆದ ಜಾಗದಲ್ಲಿ ನಿಲ್ಲಿಸಿ, ದಿನವೂ ಬೆಳಿಗ್ಗೆ ಎಂಟೂವರೆಗೆ ಅದರ ಅಳತೆಯನ್ನು ಮಕ್ಕಳೇ ಬರೆದಿಡಲಿ. ಊರಿನ ಕೆರೆಯ ಮೆಟ್ಟಿಲುಗಳಿಗೆ ಅಂಕಿಯ ಗುರುತು ಹಾಕಿ, ವಾರಕ್ಕೊಮ್ಮೆ ನೀರು ಯಾವ ಮೆಟ್ಟಿಲಿಗೆ ನಿಂತಿದೆಯೆಂದು ನಮೂದಿಸಲಿ. ಬಳಕೆಯಲ್ಲಿರುವ ಬಾವಿ, ಕೊಳವೆಬಾವಿಗಳಲ್ಲಿ ನೀರು ಎಷ್ಟು ಆಳದಲ್ಲಿದೆ, ರುಚಿ ಸಿಹಿಯೋ ಸವುಳೋ ಎಂಬುದನ್ನು ಬೇಸಗೆಯ ಕೊನೆಗೊಮ್ಮೆ, ಹಿಂಗಾರಿ ಮಳೆಯ ಕೊನೆಗೊಮ್ಮೆ ದಾಖಲಿಸಲಿ. ಒಂದು ತಂಡ ಶಾಲೆ ಬಿಟ್ಟು ಹೋಗುವಾಗ ವಹಿಯನ್ನು ಮುಂದಿನ ತಂಡಕ್ಕೆ ಒಪ್ಪಿಸಲಿ. ಹತ್ತು ವರ್ಷ ಬಿಡದೆ ನಡೆದರೆ ಈ ಊರಿನ ನೀರನ್ನು ಕುರಿತು ಯಾವ ಕಚೇರಿಯಲ್ಲಿಯೂ ದೊರೆಯದ ಆಧಾರ ಇಲ್ಲಿ ದೊರೆತೀತು. ವಹಿಯ ಅಂಕಣಗಳ ಮಾದರಿಯನ್ನು ಬರೆದು ತಂದಿದ್ದೇನೆ. ಆಸಕ್ತರಾದ ಅಧ್ಯಾಪಕರೊಡನೆ ಸಭೆ ಮುಗಿದ ಬಳಿಕ ಕುಳಿತು ಮಾತನಾಡಲು ಸಿದ್ಧನಿದ್ದೇನೆ.